ಕನ್ನಡಿ ಪೆಟ್ಟಿಗೆಯ ಹೆಸರುಗಳು

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಹೂವಿನ ಸಾಲನ್ನು ದಾಟಿ ಮುಂದೆ ನಡೆದವರು ಬಣ್ಣದ ಪುಡಿಯ ಅಂಗಡಿಗಳ ಮುಂದೆ ಒಂದು ಗಳಿಗೆಯಾದರೂ ನಿಲ್ಲದೆ ಹೋಗಲಾರರು. ತಟ್ಟೆ ತಟ್ಟೆಗಳಲ್ಲಿ ಗೋಪುರದಂತೆ ಒಟ್ಟಿರುವ ಪುಡಿಗಳು. ರಕ್ತಗೆಂಪು, ಕೇಸರಿ, ಗುಲಾಬಿ, ಹಸುರು, ನೇರಳೆ, ನೀಲಿ. ಪರದೇಶದಿಂದ ಬಂದವರು ಅವುಗಳ ಚಿತ್ರ ತೆಗೆದುಕೊಂಡು ಸಂತೋಷಪಡುತ್ತಾರೆ. ಒಮ್ಮೆ ಅಂಥ ಒಂದು ಅಂಗಡಿಯಲ್ಲಿ ಇದೇನಪ್ಪ ಎಂದು ಒಂದೊಂದನ್ನೇ ತೋರಿಸಿ ಕೇಳಿದೆ. ಅಂಗಡಿಯವನು ಬೇಸರಪಡದೆ ಪ್ರತಿಯೊಂದಕ್ಕೂ ಒಂದೇ ಉತ್ತರ ಕೊಟ್ಟ: “ಕುಂಕುಮ ಸ್ವಾಮಿ.” ಮೂವತ್ತು ವರ್ಷ ಶಾಲೆಯ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಟ್ಟವನ ಮನಸ್ಸು ಸುಮ್ಮನಿರುವುದುಂಟೆ? ಅರಿಶಿನದಿಂದ ಕೆಂಪು ಹುಟ್ಟುವುದನ್ನು ನಾನು ಬಲ್ಲೆ. ನೀಲಿ ಹುಟ್ಟುವುದು ಹೇಗೆ?

ಕುಂಕುಮವೆಂಬುದು ಮೂಲತಃ ಅರಿಶಿನದ ರೂಪಾಂತರ. ಮನೆಯಲ್ಲಿ ಕುಂಕುಮ ಕಟ್ಟುತ್ತಿದ್ದ ಕಾಲವನ್ನು ಕಂಡವರು ಈಗ ವಿರಳ. ನಮ್ಮಜ್ಜಿ ಕಟ್ಟುತ್ತಿದ್ದುದನ್ನು ನಾನು ಕಂಡಿದ್ದೇನೆ. ಒಣಗಿದ ಅರಿಶಿನದ ಕೊಂಬುಗಳನ್ನು ಚೂರುಮಾಡಿ, ನಿಂಬೆಯ ರಸದಲ್ಲಿ ಬಿಳಿಗಾರವನ್ನೂ ಪಟಿಕವನ್ನೂ ಕರಗಿಸಿ, ಅದರಲ್ಲಿ ಆ ಚೂರುಗಳನ್ನು ನೆನೆಹಾಕುತ್ತಿದ್ದಳು. ದಿನಕ್ಕೊಮ್ಮೆ ಮಗುಚುವುದು, ರಸವೆಲ್ಲ ಹೀರಿಕೊಂಡ ಮೇಲೆ ನೆರಳಿನಲ್ಲಿ ಒಣಗಿಸುವುದು, ಆಮೇಲೆ ಕುಟ್ಟಿ ವಸ್ತ್ರಗಾಳಿತ ಮಾಡುವುದು. ಅರಿಶಿನದ ಹಳದಿಗೆ ಕಾರಣವಾದ ಕರ್ಕ್ಯುಮಿನ್ ಎಂಬ ದ್ರವ್ಯ ಬಿಳಿಗಾರದೊಡನೆ ಕೂಡಿ ಕೆಂಪಾಗುತ್ತದೆ. ಸುಣ್ಣ, ಸಾಬೂನು ಮೊದಲಾದ ಕ್ಷಾರಗಳು ಸೋಂಕಿದರೂ ಅದು ಕೆಂಪಿಗೆ ತಿರುಗುವುದುಂಟು. ಸಾರು ಚೆಲ್ಲಿದ ಬಿಳಿ ಪಂಚೆಗೆ ಸಾಬೂನು ಹಚ್ಚಿದಾಗ ಕಲೆ ಕೆಂಪಾಗುವುದನ್ನು ನೋಡಿ ಗಾಬರಿಪಟ್ಟವರೆಲ್ಲ ಈ ಪ್ರಯೋಗವನ್ನು ತಮಗರಿವಿಲ್ಲದೆ ಮಾಡಿದವರೇ. ಮದುಮಕ್ಕಳಿಗೆ ನಿವಾಳಿಸುವ ಆರತಿಯ ಕೆಂಪು ನೀರೂ ಅರಿಶಿನಕ್ಕೆ ಸುಣ್ಣ ಕದಡಿದ್ದೇ ಹೊರತು ಬೇರೆಯಲ್ಲ. ನಮ್ಮ ಹೆಂಗಸರು ಪ್ರಯೋಗಶಾಲೆಯ ಬಾಗಿಲನ್ನು ನೋಡದೆಯೇ ಎಷ್ಟು ರಸಾಯನಶಾಸ್ತ್ರವನ್ನು ಕೈಯಲ್ಲಿಟ್ಟುಕೊಂಡಿದ್ದರು ಎಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ.

ಹೀಗೆ ಮಾಡಿದ ಕುಂಕುಮಕ್ಕೆ ಒಂದು ಕೊರತೆ. ಅದರ ಬಣ್ಣ ಕಣ್ಣು ಕುಕ್ಕುವುದಿಲ್ಲ. ಕೊಂಚ ಮಂಕು, ಬಿಸಿಲಿಗೆ ಮಾಸುವ ಸ್ವಭಾವ. ಬೆಲೆಯೂ ಹೆಚ್ಚು, ಶ್ರಮವೂ ಹೆಚ್ಚು. ಸುಣ್ಣಕಲ್ಲಿನ ಪುಡಿಗೋ ಪಿಷ್ಟಕ್ಕೋ ಕಾರ್ಖಾನೆಯ ಬಣ್ಣ ಹಾಕಿದರೆ ಅರ್ಧ ಗಂಟೆಯಲ್ಲಿ ಮೂಟೆಗಟ್ಟಲೆ ‘ಕುಂಕುಮ’ ಸಿದ್ಧವಾಗುತ್ತದೆ, ಅದೂ ಹೊಳೆಹೊಳೆಯುವ ಕೆಂಪು. ಹೆಸರು ಮಾತ್ರ ಹಳೆಯದೇ. ಅಂಥ ಬಣ್ಣಗಳಲ್ಲಿ ಕೆಲವು ಬಟ್ಟೆಗೆಂದು ಹುಟ್ಟಿದವು, ಚರ್ಮಕ್ಕೆಂದು ಹುಟ್ಟಿದವಲ್ಲ. ಹಣೆಯಲ್ಲಿ ತುರಿಕೆ, ಉರಿ, ಆಮೇಲೆ ಕಪ್ಪು ಕಲೆ, ಇವು ಚರ್ಮವೈದ್ಯರಿಗೆ ಚಿರಪರಿಚಿತವಾದ ದೂರುಗಳು.

ಇದಕ್ಕಿಂತ ಗಹನವಾದದ್ದು ಸೀಸದ ಮಾತು. ಸಿಂಧೂರ ಎಂಬ ಹೆಸರಿನಲ್ಲಿ ಹಿಂದಿನಿಂದಲೂ ನಡೆದು ಬಂದಿರುವ ಕಿತ್ತಳೆಗೆಂಪಿನ ಪುಡಿ ಸೀಸವನ್ನು ಸುಟ್ಟು ಮಾಡಿದ್ದು. ಅದನ್ನು ಎಣ್ಣೆಯಲ್ಲಿ ಕಲಸಿ ಆಂಜನೇಯನ ಮೈಗೆ ಬಳಿದರೆ ಕಲ್ಲಿನ ದೇವರಿಗೆ ಬಾಧೆಯಿಲ್ಲ. ಮನುಷ್ಯರ ಬೈತಲೆಗೆ ಬಂದಾಗ ಕಥೆ ಬೇರೆ. ಒಣಪುಡಿಯ ಸೀಸ ಚರ್ಮದ ಮೂಲಕ ಒಳಗಿಳಿಯುವುದು ಅತ್ಯಲ್ಪ. ಅದರ ದಾರಿ ಬಾಯಿ. ತಾಯಿಯ ಹಣೆಯಿಂದ ಉದುರಿದ್ದು ಸೊಂಟದ ಮೇಲಿನ ಕೂಸಿನ ಬೆರಳಿಗೆ, ಬೆರಳಿನಿಂದ ಬಾಯಿಗೆ. ಬೆಳೆಯುವ ಮಿದುಳಿಗೆ ಇಷ್ಟು ಸೀಸವಾದರೆ ಚಿಂತೆಯಿಲ್ಲ ಎಂಬ ಅಳತೆಯೊಂದನ್ನು ವೈದ್ಯಶಾಸ್ತ್ರ ಇದುವರೆಗೆ ಕಂಡುಕೊಂಡಿಲ್ಲ. 2017ರಲ್ಲಿ ಅಮೆರಿಕದ ಸಂಶೋಧಕರು ನ್ಯೂಜೆರ್ಸಿಯ ಅಂಗಡಿಗಳಿಂದ 95, ದೆಹಲಿ ಮುಂಬಯಿಗಳಿಂದ 23, ಹೀಗೆ 118 ಸಿಂಧೂರದ ಮಾದರಿಗಳನ್ನು ಪರೀಕ್ಷಿಸಿದ ವರದಿ ಪ್ರಕಟವಾಯಿತು. ಹತ್ತರಲ್ಲಿ ಎಂಟು ಮಾದರಿಗಳಲ್ಲಿ ಅಳತೆಗೆ ಸಿಗುವಷ್ಟು ಸೀಸವಿತ್ತು. ಸಾಗರದಾಚೆ ಹೋದ ನಮ್ಮವರು ಊರಿನ ನೆನಪಿಗೆಂದು ಕಟ್ಟಿಕೊಂಡು ಹೋದ ಗಂಟಿನಲ್ಲಿ ಇದೂ ಸೇರಿತ್ತೆಂದಾಯಿತು.

ಪುಡಿಯ ಕುಂಕುಮ ಈಗ ಅನೇಕರಿಗೆ ಪೂಜೆಯ ದಿನದ ವಸ್ತು. ಉಳಿದ ದಿನಗಳಲ್ಲಿ ಹಣೆಯನ್ನು ಆಳುತ್ತಿರುವುದು ಅಂಟಿಸುವ ಬೊಟ್ಟು, ಅಂದರೆ ಸ್ಟಿಕರ್. ಮೊದಲು ಹೆಂಗಸರು ಹಣೆಗೆ ಜೇನುಮೇಣದ ಒಂದು ಚುಕ್ಕೆಯಿಟ್ಟು ಅದರ ಮೇಲೆ ಕುಂಕುಮವನ್ನು ತಿದ್ದುತ್ತಿದ್ದರು. ಮಕ್ಕಳಿಗೆ ಸಬ್ಬಕ್ಕಿಯನ್ನು ಕರಿಯಾಗುವಂತೆ ಹುರಿದು ನೀರಿನಲ್ಲಿ ಕುದಿಸಿ ಗರಟೆಯಲ್ಲಿ ಒಣಗಿಸಿದ ಸಾದು. ಈ ಎಲ್ಲ ಗೊಡವೆಯಿಂದ ಬಿಡುಗಡೆ ಮಾಡಿದ ಉಪಕಾರ ಸ್ಟಿಕರಿನದು. ಬೆವರಿಗೆ ಇಳಿಯುವುದಿಲ್ಲ, ಸೀರೆಗೆ ಉದುರುವುದಿಲ್ಲ. ಬೆಳಿಗ್ಗೆ ಹಚ್ಚಿಕೊಂಡು ರಾತ್ರಿ ಕನ್ನಡಿಗೆ ಅಂಟಿಸಿದರಾಯಿತು. ಬೆಳಿಗ್ಗೆ ಅದೇ ಮತ್ತೆ ಹಣೆಗೆ. ನಮ್ಮ ಎಷ್ಟೋ ಮನೆಗಳ ಕನ್ನಡಿಗೆ ಹೀಗೆ ತಾನೇ ಒಂದು ಸೌಭಾಗ್ಯ ಪ್ರಾಪ್ತವಾಗಿದೆ.

ನನ್ನ ಜೊತೆಯಲ್ಲಿ ಪಾಠ ಹೇಳುತ್ತಿದ್ದ ಉಪಾಧ್ಯಾಯಿನಿಯೊಬ್ಬರು ಒಂದು ದಿನ ಸ್ಟಿಕರಿನ ಬದಲು ದೊಡ್ಡದೊಂದು ಕುಂಕುಮದ ಬೊಟ್ಟನ್ನಿಟ್ಟುಕೊಂಡು ಶಾಲೆಗೆ ಬಂದರು. ಮರುದಿನ ಅದು ಇನ್ನೂ ದೊಡ್ಡದಾಗಿತ್ತು. ತಿಂಗಳು ಕಳೆಯುವ ಹೊತ್ತಿಗೆ ಹಣೆಯ ನಡುವೆ ರೂಪಾಯಿಯಗಲ ಕೆಂಪು. ಯಾರೂ ಏನೂ ಕೇಳಲಿಲ್ಲ. ಹೆಂಗಸರ ಅಲಂಕಾರವನ್ನು ಕುರಿತು ಮಾತಾಡುವ ಪದ್ಧತಿ ನಮ್ಮ ಕೊಠಡಿಯಲ್ಲಿರಲಿಲ್ಲ. ಕಡೆಗೆ ಅವರೇ ಒಂದು ಮಧ್ಯಾಹ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, “ಮೇಷ್ಟ್ರೇ, ನೀವು ಕೆಮಿಸ್ಟ್ರಿಯವರು. ಅಂಟಿನಿಂದ ಮೈ ಬೆಳ್ಳಗಾಗುವುದುಂಟೆ?” ಎಂದು ಕೇಳಿದರು. ಬೊಟ್ಟಿನ ಜಾಗದಲ್ಲಿ, ಬೊಟ್ಟಿನ ಆಕಾರದಲ್ಲೇ, ಬಿಳಿಯ ಕಲೆ. ಅವರನ್ನು ಕಾಡುತ್ತಿದ್ದುದು ತಮ್ಮ ಮುಖದ ಚಿಂತೆಯಲ್ಲ. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಳು. ತಾಯಿಗೆ ತೊನ್ನು ಎಂಬ ಒಂದು ಮಾತು ಹೊರಬಿದ್ದರೆ ಮುಂದಿನದನ್ನು ನಾನು ಹೇಳಬೇಕಾಗಿಲ್ಲ. ನಮ್ಮ ಸಮಾಜವನ್ನು ಬಲ್ಲವರೆಲ್ಲ ಬಲ್ಲರು. ತೊನ್ನು ಅಂಟುವ ರೋಗವಲ್ಲ, ಪಾಪದ ಫಲವಂತೂ ಅಲ್ಲವೇ ಅಲ್ಲ, ಎಂದು ಎಷ್ಟು ಪಾಠಗಳಲ್ಲಿ ಹೇಳಿದರೂ ಜಾತಕ ಹಿಡಿದು ಬರುವವರ ಕಿವಿಗೆ ಅದು ಮುಟ್ಟಿಲ್ಲ.

ಅವರ ಪ್ರಶ್ನೆಗೆ ಉತ್ತರ, ಉಂಟು ಎಂಬುದೇ. ಸ್ಟಿಕರಿನ ಅಂಟುಗಳಲ್ಲಿ ಕೆಲವಕ್ಕೆ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫಿನಾಲ್ ಎಂಬ ಬಾಯಿ ತಿರುಗದ ಹೆಸರಿನ ದ್ರವ್ಯವನ್ನು ಉಪಯೋಗಿಸುವುದುಂಟು. ಇದರ ಕೆಲಸ ವಿಚಿತ್ರವಾದದ್ದು. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಮ್ಮ ಚರ್ಮದಲ್ಲಿ ಬಣ್ಣ ತಯಾರಿಸುವುದಕ್ಕೆಂದೇ ಕೆಲವು ಕಣಗಳಿವೆ. ಅವು ಟೈರೊಸಿನ್ ಎಂಬ ಸಾಮಾನ್ಯ ಪದಾರ್ಥವನ್ನು ತೆಗೆದುಕೊಂಡು, ಟೈರೊಸಿನೇಸ್ ಎಂಬ ಕಿಣ್ವದ ಸಹಾಯದಿಂದ ಹಂತಹಂತವಾಗಿ ಮೆಲನಿನ್ ಎಂಬ ಕಪ್ಪು ಬಣ್ಣವನ್ನು ಮಾಡುತ್ತವೆ. ಮೆಲನಿನ್ ನಮಗೆ ಬಿಸಿಲಿನೆದುರು ಹಿಡಿದ ಛತ್ರಿ. ಅಂಟಿನ ಆ ಫಿನಾಲ್ ರೂಪದಲ್ಲಿ ಟೈರೊಸಿನ್ನನ್ನು ಹೋಲುತ್ತದೆ. ಕಿಣ್ವ ಮೋಸಹೋಗುತ್ತದೆ, ಅದನ್ನೂ ಬಣ್ಣ ಮಾಡಹೊರಡುತ್ತದೆ. ಹುಟ್ಟುವುದು ಬಣ್ಣವಲ್ಲ, ವಿಷ. ಬಣ್ಣದ ಕಣ ತಾನು ಬೇಯಿಸಿದ ಅಡುಗೆಯಿಂದಲೇ ಸಾಯುತ್ತದೆ. ಉಳಿಯುವುದು ಬಿಳಿಯ ಚುಕ್ಕೆ. ಆರಂಭದಲ್ಲೇ ಸ್ಟಿಕರನ್ನು ಬಿಟ್ಟು ಚರ್ಮವೈದ್ಯರಲ್ಲಿ ಹೋದವರಿಗೆ ಬಣ್ಣ ಮರಳುವುದುಂಟು. ತಡಮಾಡಿದರೆ ಕಲೆ ಅಂಟು ತಾಗದ ಕಡೆಗೂ ಹರಡುವುದುಂಟು. ನಮ್ಮ ಉಪಾಧ್ಯಾಯಿನಿಯವರಿಗೆ ಎರಡು ವರ್ಷ ಹಿಡಿಯಿತು. ಅವರ ಮಗಳ ಮದುವೆ ಅದಕ್ಕೆ ಮೊದಲೇ ಆಯಿತು. ವರನ ಕಡೆಯವರಿಗೆ ವಿಷಯವನ್ನು ಇದ್ದದ್ದು ಇದ್ದಂತೆ ತಿಳಿಸಿದ್ದರು. ಅಂಥವರೂ ಇದ್ದಾರೆಂಬುದನ್ನು ದಾಖಲಿಸುವುದು ನ್ಯಾಯ.

ಹಣೆಯ ಒಂದು ಚುಕ್ಕೆಯಲ್ಲಿ ಬೇಡವೆಂದರೂ ಆದದ್ದನ್ನು ಮುಖವಿಡೀ ಆಗಲಿ ಎಂದು ಹಣಕೊಟ್ಟು ಬಯಸುವವರ ಮಾತು ಇನ್ನು. 2008ರಲ್ಲಿ ಜಪಾನಿನ ಕಾನೆಬೋ ಕಂಪನಿ ರೋಡೋಡೆಂಡ್ರಾಲ್ ಎಂಬ ಹೊಸ ದ್ರವ್ಯವಿರುವ ಬಿಳುಪಿನ ಲೇಪಗಳನ್ನು ಅಲ್ಲಿನ ಸರ್ಕಾರದ ಒಪ್ಪಿಗೆ ಪಡೆದು ಮಾರಾಟಕ್ಕೆ ತಂದಿತು. ಈ ದ್ರವ್ಯ ಕೆಲವು ಗಿಡಮರಗಳಲ್ಲಿ ತಾನಾಗಿಯೇ ಇರತಕ್ಕದ್ದು. ‘ನೈಸರ್ಗಿಕ’ ಎಂಬ ವಿಶೇಷಣಕ್ಕೆ ಯಾವ ಬಾಧಕವೂ ಇರಲಿಲ್ಲ. 2013ರ ಜುಲೈನಲ್ಲಿ ಕಂಪನಿ ಆ ಲೇಪಗಳನ್ನೆಲ್ಲ ಹಿಂದಕ್ಕೆ ಪಡೆಯಿತು. ಅಷ್ಟರಲ್ಲಿ ಅನೇಕರ ಮುಖ, ಕತ್ತು, ಕೈಗಳಲ್ಲಿ ಬಿಳಿಯ ಕಲೆಗಳು ಎದ್ದಿದ್ದವು. ಕಡೆಗೆ ಲೆಕ್ಕಕ್ಕೆ ಬಂದವರ ಸಂಖ್ಯೆ 19,000ಕ್ಕೂ ಹೆಚ್ಚು. ಸ್ಟಿಕರಿನ ಅಂಟು ಹೂಡಿದ ವಂಚನೆಯನ್ನೇ ಈ ದ್ರವ್ಯವೂ ಹೂಡಿತ್ತು. ಒಂದು ಕಾರ್ಖಾನೆಯ ಕೂಸು, ಇನ್ನೊಂದು ಗಿಡದ ಕೂಸು. ಚರ್ಮದ ಕಣಕ್ಕೆ ಈ ಕುಲಗೋತ್ರದ ವಿಚಾರ ತಿಳಿಯದು.

ನಮ್ಮಲ್ಲಿ ಬಿಳುಪಿನ ಆಸೆಗೆ ಉತ್ತೇಜನ ಕೊಡುವುದಕ್ಕೆ ಜಾಹೀರಾತು ಬರಬೇಕಾಗಿರಲಿಲ್ಲ. ಕನ್ನಡದಲ್ಲಿ ಮೈಬಣ್ಣಕ್ಕೆ ಎಷ್ಟು ಚೆಲುವಾದ ಮಾತುಗಳಿವೆ! ಎಣ್ಣೆಗೆಂಪು, ಎಣ್ಣೆಗಪ್ಪು, ಗೋಧಿ ಬಣ್ಣ, ಶ್ಯಾಮಲ ವರ್ಣ. ಒಂದೊಂದೂ ಒಂದು ಕೈ ಪಳಗಿದ ಚಿತ್ರಕಾರನ ಮಾತಿನಂತಿದೆ. ಆದರೆ ವಧೂವರರ ಅಂಕಣಕ್ಕೆ ಬಂದಾಗ ಇವೆಲ್ಲ ಮಾಯವಾಗಿ ಬಿಳುಪು ಒಂದೇ ಉಳಿಯುತ್ತದೆ. ಗೋಧಿ ಬಣ್ಣ ಎಂಬುದು ಅಲ್ಲಿ ವರ್ಣನೆಯಲ್ಲ, ಚೌಕಾಸಿಯ ಆರಂಭ. 1975ರಿಂದ ನಮ್ಮ ದೇಶದಲ್ಲಿ ಮಾರಾಟವಾಗುತ್ತಿರುವ ಒಂದು ಪ್ರಸಿದ್ಧ ಲೇಪ 2020ರಲ್ಲಿ ಬಿಳುಪು ಎಂಬರ್ಥದ ಇಂಗ್ಲಿಷ್ ಶಬ್ದವನ್ನು ತನ್ನ ಹೆಸರಿನಿಂದ ತೆಗೆದುಹಾಕಿತು. ಒಳ್ಳೆಯದೇ. ಹುಡುಗಿಯನ್ನು ನೋಡಲು ಬಂದ ಹಿರಿಯರ ಬಾಯಿಂದ ಆ ಶಬ್ದವನ್ನು ತೆಗೆಯುವ ಕೆಲಸ ಯಾವ ಕಂಪನಿಗೂ ಸೇರಿದ್ದಲ್ಲ.

ಈ ಆಸೆಯ ಬೆನ್ನು ಹತ್ತಿ ಬರುವುದು ಪಾದರಸ. ಇದಕ್ಕೂ ಅಲಂಕಾರಕ್ಕೂ ಇರುವ ನಂಟು ಹಳೆಯದು. ನಮ್ಮ ಕಾವ್ಯಗಳ ಕಾಲದವರು ಇಂಗಳೀಕವೆಂದು ಕರೆದ ಕೆಂಪು ಪಾದರಸದ ಅದಿರೇ. ಇಂದಿನ ಕಳ್ಳ ಲೇಪಗಳಲ್ಲಿ ಅದು ಕೆಂಪು ಹಚ್ಚಲಿಕ್ಕಲ್ಲ, ಕಪ್ಪನ್ನು ಅಳಿಸಲಿಕ್ಕೆ ಬರುತ್ತದೆ. ಪಾದರಸದ ಲವಣಗಳು ಆಗಲೇ ಹೇಳಿದ ಕಿಣ್ವದ ಕೈ ಕಟ್ಟುತ್ತವೆ. ಮೆಲನಿನ್ ಹುಟ್ಟುವುದು ಕಡಿಮೆಯಾಗುತ್ತದೆ. ಒಂದೆರಡು ವಾರಗಳಲ್ಲಿ ಮುಖ ತಿಳಿಯಾಗುತ್ತದೆ. ಹಚ್ಚಿಕೊಂಡವರು ನೆರೆಯವರಿಗೂ ಹೇಳುತ್ತಾರೆ. ಅತ್ತ ಚರ್ಮದ ಮೂಲಕ ಒಳಗಿಳಿದ ಪಾದರಸ ಹೋಗಿ ಸೇರುವ ಸ್ಥಳ ಮೂತ್ರಪಿಂಡ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲಿನಲ್ಲಿ 2021ರ ಜುಲೈ ಮತ್ತು 2023ರ ಸೆಪ್ಟೆಂಬರ್ ನಡುವೆ ಮೂತ್ರಪಿಂಡದ ಒಂದು ಬಗೆಯ ರೋಗದಿಂದ ಬಂದ 22 ಮಂದಿಯನ್ನು ವೈದ್ಯರು ಪರೀಕ್ಷಿಸಿದರು. ಅವರಲ್ಲಿ 15 ಮಂದಿಯ ರೋಗ ಅಪರೂಪದ ಒಂದೇ ಜಾತಿಗೆ ಸೇರಿತ್ತು. ವಿಚಾರಿಸಿದಾಗ ಆ 15ರಲ್ಲಿ 13 ಮಂದಿ ಬಿಳುಪಿನ ಲೇಪ ಹಚ್ಚಿಕೊಳ್ಳುತ್ತಿದ್ದೆವೆಂದು ಒಪ್ಪಿಕೊಂಡರು. ಕಾಲು ಊದಿಕೊಂಡು, ಮೂತ್ರದಲ್ಲಿ ನೊರೆ ಕಂಡು ಆಸ್ಪತ್ರೆಗೆ ಬಂದವರನ್ನು ಮುಖಕ್ಕೇನು ಹಚ್ಚುತ್ತೀರಿ ಎಂದು ಕೇಳುವ ಬುದ್ಧಿ ಯಾವ ವೈದ್ಯರಿಗೆ ಮೊದಲು ಹೊಳೆಯಿತೋ, ಅವರಿಗೆ ನಮಸ್ಕಾರ. ಲೇಪವನ್ನು ನಿಲ್ಲಿಸಿದ ಮೇಲೆ ಬಹುಮಂದಿ ಗುಣಹೊಂದಿದರು.

ನಮ್ಮ ದೇಶದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಇಂಥ ಲೇಪಗಳಲ್ಲಿ ಅರಿವಿಲ್ಲದೆ ಸೇರಿದ ಪಾದರಸ ಕೂಡ ಹತ್ತು ಲಕ್ಷದಲ್ಲಿ ಒಂದು ಭಾಗವನ್ನು ಮೀರಕೂಡದು. ಪಾದರಸದಿಂದ ನೊಂದ ಜಪಾನಿನ ಮಿನಮಾಟ ಊರಿನ ಹೆಸರಿನಲ್ಲಿ 2013ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 2018ರಲ್ಲಿ ಸೇರಿತು. ಬೇಕೆಂದು ಪಾದರಸ ಬೆರೆಸಿದ ಸೌಂದರ್ಯವರ್ಧಕಗಳು 2025ರಿಂದ ಸಂಪೂರ್ಣವಾಗಿ ನಿಲ್ಲತಕ್ಕದ್ದೆಂದು 2023ರ ಸಭೆಯಲ್ಲಿ ಆ ದೇಶಗಳು ತೀರ್ಮಾನಿಸಿದವು. ಕಾನೂನು ಸ್ಪಷ್ಟವಾಗಿದೆ. ಡಬ್ಬಿಗಳು ಮಾತ್ರ ಸ್ಪಷ್ಟವಾಗಿಲ್ಲ. ಎಷ್ಟೋ ವೇಳೆ ಅವುಗಳ ಮೇಲೆ ತಯಾರಕನ ವಿಳಾಸವೂ ಇರುವುದಿಲ್ಲ. ಪಾದರಸವಿಲ್ಲದ ಕಡೆ ಸ್ಟೆರಾಯಿಡ್ ಇರುವುದೂ ಉಂಟು. ಚರ್ಮರೋಗಕ್ಕೆ ಕೆಲವೇ ದಿನ ಹಚ್ಚಬೇಕಾದ ಮುಲಾಮನ್ನು ವರ್ಷಗಟ್ಟಲೆ ಮುಖಕ್ಕೆ ತಿಕ್ಕಿ, ಚರ್ಮ ಕಾಗದದಂತೆ ತೆಳುವಾಗಿ, ಬಿಟ್ಟರೆ ಉರಿ, ಹಚ್ಚಿದರೆ ಹಾನಿ ಎಂಬ ಸ್ಥಿತಿಗೆ ಬಂದವರು ಒಬ್ಬಿಬ್ಬರಲ್ಲ. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು 2018ರಲ್ಲೇ ಆಜ್ಞೆಯಾಗಿದೆ.

ಗೋರಂಟಿಯ ಕಥೆ ಚಿಕ್ಕದು. ಸೊಪ್ಪನ್ನು ಅರೆದು ಬೆರಳಿಗೆ ಕಟ್ಟಿಕೊಂಡು ರಾತ್ರಿಯೆಲ್ಲ ಮಲಗಿದರೆ ಬೆಳಿಗ್ಗೆ ಕಿತ್ತಳೆಗೆಂಪು, ಮರುದಿನಕ್ಕೆ ಇನ್ನಷ್ಟು ಗಾಢ. ಅದು ಎಂದೂ ಕಪ್ಪಾಗುವುದಿಲ್ಲ, ಅರ್ಧ ಗಂಟೆಯಲ್ಲಂತೂ ಏರುವುದಿಲ್ಲ. ಅರ್ಧ ಗಂಟೆಯಲ್ಲಿ ಕಪ್ಪಾಗುವ ‘ಮೆಹಂದಿ’ಯಲ್ಲಿ ತಲೆಗೂದಲಿನ ಬಣ್ಣಕ್ಕೆ ಹಾಕುವ ಪ್ಯಾರಾಫಿನೈಲೀನ್ ಡೈಅಮೀನ್ ಎಂಬುದು ಬೆರೆತಿದೆಯೆಂದು ಶಂಕಿಸಬೇಕು. ಅದು ಒಗ್ಗದವರ ಕೈಯಲ್ಲಿ ಚಿತ್ತಾರದ ಗೆರೆ ಗೆರೆಯೂ ಬೊಬ್ಬೆಯಾಗಿ ಏಳುತ್ತದೆ. 1933ರಲ್ಲಿ ಅಮೆರಿಕದಲ್ಲಿ ಇದೇ ದ್ರವ್ಯವಿದ್ದ ರೆಪ್ಪೆಯ ಬಣ್ಣವೊಂದು ಹೆಂಗಸರ ಕಣ್ಣನ್ನೇ ಕಳೆಯಿತು; ಸೌಂದರ್ಯವರ್ಧಕಗಳನ್ನೂ ಸರ್ಕಾರದ ಹಿಡಿತಕ್ಕೆ ತಂದ 1938ರ ಅಲ್ಲಿನ ಕಾಯಿದೆಗೆ ಆ ಹೆಂಗಸರ ಛಾಯಾಚಿತ್ರಗಳೂ ಕಾರಣವಾದವು.

ಇಷ್ಟನ್ನು ಕೇಳಿದವರು, ಹಾಗಾದರೆ ಅಜ್ಜಿಯ ಕಾಲದ್ದೆಲ್ಲ ಅಮೃತ, ಈಗಿನದೆಲ್ಲ ವಿಷ ಎಂದು ತೀರ್ಮಾನಿಸಿಬಿಟ್ಟಾರು. ಆ ತೀರ್ಮಾನಕ್ಕೆ ನಾನು ಸಹಿ ಹಾಕಲಾರೆ. ಹರಳೆಣ್ಣೆಯ ದೀಪದ ಮೇಲೆ ತಟ್ಟೆ ಕವುಚಿ ಹಿಡಿದ ಮಸಿಯಿಂದ ಮಾಡಿದ ಕಾಡಿಗೆಯಲ್ಲಿ ಸೀಸವಿಲ್ಲ, ನಿಜ. ಆದರೆ ಕೆಲವು ಕಡೆ ಕಣ್ಣಿಗೆ ಹಚ್ಚುವ ಸುರ್ಮಾ ಸೀಸದ ಅದಿರನ್ನೇ ಅರೆದದ್ದು, ಅದು ಅಪ್ಪಟ ಭೂಮಿಯ ವಸ್ತು, ಪ್ರಾಚೀನ ಈಜಿಪ್ಟಿನ ಕಾಲದಿಂದ ಬಂದದ್ದು. ಮನೆಯ ಕಾಡಿಗೆಯನ್ನೂ ಹಸುಗೂಸಿನ ಕಣ್ಣಿಗೆ ಬೆರಳಿನಿಂದ ಹಚ್ಚಬೇಡಿರೆಂದು ವೈದ್ಯರು ಹೇಳುತ್ತಾರೆ; ಬೆರಳಿನ ಕೊಳೆ ಕಣ್ಣಿಗೆ ಹೋಗುತ್ತದೆ. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರು ಕಾಡಿನ ಕಾಯಿ. ಅದರ ರಸ ಸೋಕಿದ ಮೈ ಬೆಂದಂತಾಗುತ್ತದೆ. ಮುಖದ ಕಾಂತಿಗೆಂದು ನಿಂಬೆಯ ರಸ ಹಚ್ಚಿಕೊಂಡು ಬಿಸಿಲಿಗೆ ಹೋದವರ ಕೆನ್ನೆ ಸುಟ್ಟು ಕಪ್ಪಾಗುವುದುಂಟು. ‘ಪ್ರಕೃತಿದತ್ತ’ ಎಂಬ ಮಾತನ್ನು ಡಬ್ಬಿಯ ಮೇಲೆ ಅಚ್ಚು ಹಾಕುವುದಕ್ಕೆ ಶಾಯಿಯ ಖರ್ಚು ಮಾತ್ರ. ಇನ್ನೊಂದು ಕಡೆ, ಸಾಬೂನಿನ ಕ್ಷಾರಕ್ಕೆ ಮೈ ಒಡೆಯುವವರಿಗೆ ಕಡಲೆಹಿಟ್ಟು, ತಲೆಗೆ ಸೀಗೆಕಾಯಿ ಹಿತವೆಂಬುದು ಸರಿಯೇ. ಚರ್ಮ ಸ್ವಭಾವತಃ ಕೊಂಚ ಆಮ್ಲದ್ದು, ಸೀಗೆಯೂ ಹಾಗೆಯೇ. ಇಲ್ಲಿ ಅಜ್ಜಿ ಗೆದ್ದಳು.

ನಾನು ಕೇಳುವುದು ಇಷ್ಟೇ: ಇದರೊಳಗೆ ಏನಿದೆ, ಮಾಡಿದವರು ಯಾರು? ಈ ಪ್ರಶ್ನೆಗೆ ಉತ್ತರವನ್ನು ಡಬ್ಬಿಯ ಬೆನ್ನ ಮೇಲೆ ಬರೆಯಬೇಕೆಂದು ಕಾನೂನಿದೆ. ಅಕ್ಷರ ಸಾಸಿವೆಯಷ್ಟು ಸಣ್ಣದು. ಭೂತಗನ್ನಡಿ ಹಿಡಿದಾದರೂ ಓದಬಹುದು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮ್ಮ ಬೀದಿಯ ಕೊನೆಯಲ್ಲಿ ಫ್ಯಾನ್ಸಿ ಸ್ಟೋರ್ ಇಟ್ಟಿದ್ದಾಳೆ. ಮೊನ್ನೆ ಅಲ್ಲಿಗೆ ಹೋದಾಗ ಬಳೆಗಳ ಪಕ್ಕದಲ್ಲಿ, ಬೊಟ್ಟಿನ ಹಾಳೆಗಳ ಕೆಳಗೆ ಕುಂಕುಮದ ಪೊಟ್ಟಣಗಳು ತೂಗುತ್ತಿದ್ದವು. “ಒಂದು ಕೊಡಮ್ಮ, ಓದಿ ನೋಡೋಣ” ಎಂದೆ. “ಕುಂಕುಮದಲ್ಲಿ ಓದುವುದೇನಿದೆ ಸಾರ್?” ಎಂದು ನಗುತ್ತ ತೆಗೆದು ತಿರುಗಿಸಿದಳು. ಮೂಲೆಯಲ್ಲಿ ಎರಡೇ ಪದ: ಪೂಜೆಗೆ ಮಾತ್ರ. ಅವಳು ಅದನ್ನು ಎರಡು ಸಲ ಓದಿದಳು. ಆಮೇಲೆ ಏನೂ ಹೇಳದೆ ಸ್ಟೂಲು ಹತ್ತಿ, ಪೊಟ್ಟಣಗಳ ಸರವನ್ನು ಬಳೆಗಳ ಪಕ್ಕದಿಂದ ಬಿಚ್ಚಿ, ಕರ್ಪೂರ ಊದಿನಕಡ್ಡಿಗಳಿದ್ದ ಗೂಟಕ್ಕೆ ತಗುಲಿಹಾಕಿದಳು.